ಗುಂಪಿನಲ್ಲಿ ಹೊರಟರೆ ಕಿತ್ತುಕೊಂಡು ಓಡುವ ಕುದುರೆ: ಹಂತ ಹಂತವಾಗಿ ತಿದ್ದುವುದು ಹೇಗೆ?

ಅಂಗಳದಲ್ಲಿ ಹೇಳಿದ ಮಾತು ಕೇಳುವ ಕುದುರೆ. ಒಬ್ಬರೇ ಹೊರಗೆ ಕರೆದುಕೊಂಡು ಹೋದರೂ ತಕರಾರಿಲ್ಲ. ಜೊತೆಗೆ ಇನ್ನೆರಡು ಕುದುರೆ ಸೇರಿದರೆ ಮಾತ್ರ ಕಥೆಯೇ ಬೇರೆ. ಬಯಲು ಕಂಡ ಕೂಡಲೇ ತಲೆ ಎತ್ತುತ್ತದೆ, ಲಗಾಮು ಕಿತ್ತುಕೊಳ್ಳುತ್ತದೆ, ಹೊರಟೇಬಿಡುತ್ತದೆ. ಎಳೆದರೂ ನಿಲ್ಲುವುದಿಲ್ಲ, ಕೂಗಿದರೂ ನಿಲ್ಲುವುದಿಲ್ಲ.

ಇಂಥ ಕುದುರೆ ಇಟ್ಟುಕೊಂಡವರು ಮೊದಲು ಕೇಳುವ ಪ್ರಶ್ನೆ, ಯಾವ ಕಡಿವಾಣ (ಲಗಾಮಿಗೆ ಜೋಡಿಸಿ ಬಾಯೊಳಗೆ ಇಡುವ ತುಂಡು) ಹಾಕಿದರೆ ನಿಲ್ಲುತ್ತದೆ ಅಂತ. ನನ್ನ ಉತ್ತರ ಅವರಿಗೆ ಅಷ್ಟು ಇಷ್ಟವಾಗುವುದಿಲ್ಲ. ನಾಗಾಲೋಟದಲ್ಲಿರುವ ಅರ್ಧ ಟನ್ ತೂಕದ ಪ್ರಾಣಿಯನ್ನು ನಿಲ್ಲಿಸುವುದಕ್ಕಿಂತ, ಅದು ಓಡುವ ಮುಂಚಿನ ಅರ್ಧ ನಿಮಿಷವನ್ನು ಗುರುತಿಸುವುದು ಎಷ್ಟೋ ಸುಲಭ. ಆ ಅರ್ಧ ನಿಮಿಷ ನಿಮ್ಮೊಬ್ಬರ ಕೈಯಲ್ಲಿ ಇರುವುದಿಲ್ಲ. ಜೊತೆಗೆ ಬಂದ ಪ್ರತಿಯೊಬ್ಬ ಸವಾರರ ಪಾಲೂ ಅದರಲ್ಲಿ ಇರುತ್ತದೆ. ಹಾಗಾಗಿ ಕುದುರೆಗೆ ಕಲಿಸುವಷ್ಟೇ ಕೆಲಸ ಗುಂಪಿಗೆ ಕಲಿಸುವುದರಲ್ಲೂ ಇದೆ.

ಇದು ಯಾವ ಥರದ ಓಟ?

ಜೋರಾಗಿ ಓಡಿದ್ದನ್ನೆಲ್ಲ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಮದ್ದು ಬೇರೆ ಬೇರೆ.

ಒಂದು, ಬೆದರಿ ನೆಗೆಯುವುದು. ಪೊದೆಯಿಂದ ಹಕ್ಕಿ ಹಾರಿತು, ಕುದುರೆ ನಾಲ್ಕು ಹೆಜ್ಜೆ ಚಿಮ್ಮಿ ಓಡಿತು, ಆಮೇಲೆ ತಾನೇ ನಿಂತು ತಿರುಗಿ ನೋಡಿತು. ಇದು ಕುದುರೆಯ ಸಹಜ ಗುಣ. ಮೊದಲು ಕಾಲಿಗೆ ಬುದ್ಧಿ ಹೇಳುವುದು, ಆಮೇಲೆ ಏನೆಂದು ನೋಡುವುದು.

ಇನ್ನೊಂದು, ಉಮೇದಿಗೆ ಓಡುವುದು. ಮುಂದಿನ ಕುದುರೆ ಹೊರಟಿದೆ, ನಾನೇಕೆ ಹಿಂದೆ ಉಳಿಯಲಿ ಅನ್ನುವ ಓಟ. ಇಲ್ಲಿ ಕುದುರೆಗೆ ದಾರಿ ಕಾಣಿಸುತ್ತಿರುತ್ತದೆ. ಹಳ್ಳ ದಾಟುತ್ತದೆ, ಮರ ತಪ್ಪಿಸುತ್ತದೆ, ಕಿವಿ ಮುಂದಿನ ಕುದುರೆಯ ಕಡೆ ನೆಟ್ಟಿರುತ್ತದೆ. ನಿಮ್ಮ ಮಾತು ಕೇಳುತ್ತಿಲ್ಲ ಅಷ್ಟೇ. ಗುಂಪಿನಲ್ಲಿ ಆಗುವ ಓಟ ಬಹುಪಾಲು ಇದೇ. ಇದನ್ನು ತಿದ್ದಬಹುದು.

ಮೂರನೆಯದು ಕುರುಡು ಓಟ. ಹೆದರಿಕೆಯೋ ನೋವೋ ತಲೆಗೇರಿ ಕುದುರೆ ಬೇಲಿ, ಗೋಡೆ, ರಸ್ತೆ ಯಾವುದನ್ನೂ ಲೆಕ್ಕಿಸದೆ ನುಗ್ಗುತ್ತದೆ. ಜೊತೆಯವು ನಿಂತರೂ ಅದು ನಿಲ್ಲುವುದಿಲ್ಲ. ನಿಮ್ಮದು ಈ ಥರದ್ದು ಅನ್ನಿಸಿದರೆ ಈ ಲೇಖನದ ಅಭ್ಯಾಸಗಳನ್ನು ಒಬ್ಬರೇ ಮಾಡಲು ಹೋಗಬೇಡಿ. ಸವಾರಿ ನಿಲ್ಲಿಸಿ, ಪಶುವೈದ್ಯರನ್ನೂ ಅನುಭವಿ ತರಬೇತುದಾರರನ್ನೂ ಕರೆಸಿ.

ಯಾವುದೆಂದು ತಿಳಿಯಲು ಒಂದು ಸುಲಭ ಪ್ರಶ್ನೆ ಇದೆ. ಉಳಿದ ಕುದುರೆಗಳೆಲ್ಲ ನಿಂತುಬಿಟ್ಟರೆ ನಿಮ್ಮದು ಏನು ಮಾಡುತ್ತದೆ? ನಿಧಾನವಾಗಿ ಅವುಗಳ ಕಡೆ ತಿರುಗಿದರೆ ಅದು ಎರಡನೆಯ ಗುಂಪಿನದು.

ಜೊತೆ ಸೇರಿದರೆ ಯಾಕೆ ಹೀಗೆ?

ಕುದುರೆ ಹಿಂಡಿನಲ್ಲಿ ಬದುಕಿದ, ಬೇಟೆಗೆ ಗುರಿಯಾಗುವ ಪ್ರಾಣಿ. ಬಯಲಿನಲ್ಲಿ ಒಂದು ಓಡಿದರೆ ಉಳಿದವೂ ಓಡುತ್ತವೆ, ಕಾರಣ ಕೇಳುತ್ತಾ ನಿಲ್ಲುವುದಿಲ್ಲ. ಗುಂಪಲ್ಲಿ ಗೋವಿಂದ ಅನ್ನುವುದು ಅವುಗಳಿಗೆ ಪ್ರಾಣ ಉಳಿಸಿಕೊಳ್ಳುವ ಉಪಾಯ. ಹಿಂದೆ ಉಳಿದದ್ದೇ ಬೇಟೆಗೆ ಸಿಗುವುದು ಅಲ್ವಾ? ಅದಕ್ಕೇ ಮುಂದಿನ ಕುದುರೆ ದೂರವಾಗುತ್ತಾ ಹೋದಂತೆ ಹಿಂದಿನದಕ್ಕೆ ಆತಂಕ ಏರುತ್ತದೆ. ಹಿಂದಿನಿಂದ ಗೊರಸಿನ ಸದ್ದು ಬಂದರೆ ಮುಂದಿನದು ವೇಗ ಹೆಚ್ಚಿಸುತ್ತದೆ.

ಕುದುರೆಯ ನೋಟ ಸುಮಾರು 350 ಡಿಗ್ರಿ ಹರಡಿರುತ್ತದೆ. ಬಾಲದ ಹಿಂದೆ ನೇರಕ್ಕೆ ಮತ್ತು ಹಣೆಯ ಮುಂದೆ ತೀರಾ ಹತ್ತಿರಕ್ಕೆ ಮಾತ್ರ ಕಾಣಿಸುವುದಿಲ್ಲ. ಅಂದರೆ ಪಕ್ಕದಲ್ಲಿ ಯಾರೋ ಮುಂದೆ ಸರಿಯುತ್ತಿರುವುದು ಅದಕ್ಕೆ ನಿಮಗಿಂತ ಮುಂಚೆ ಗೊತ್ತಾಗುತ್ತದೆ. ನೀವು ಇನ್ನೂ ಹರಟೆ ಹೊಡೆಯುತ್ತಿರುವಾಗ ಅದು ತೀರ್ಮಾನ ಮಾಡಿ ಆಗಿರುತ್ತದೆ.

ಪಂದ್ಯದಿಂದ ಬಂದ ಕುದುರೆಯಾದರೆ ಇನ್ನೊಂದು ವಿಷಯ. ಅದಕ್ಕೆ ಇತರ ಕುದುರೆಗಳ ಜೊತೆ ಸೇರಿ ಓಡುವುದೇ ಕಸುಬಾಗಿತ್ತು. ಜಾಕಿ ಲಗಾಮು ಗಟ್ಟಿ ಹಿಡಿದರೆ ಅದರ ಮೇಲೆ ಭಾರ ಹಾಕಿ ಓಡಿ ಅದಕ್ಕೆ ಅಭ್ಯಾಸ. ಈಗ ನೀವು ಹೆದರಿ ಲಗಾಮು ಬಿಗಿ ಹಿಡಿದರೆ, ನಿಲ್ಲು ಎಂದು ಹೇಳಿದ್ದೀರಿ ಅಂತ ಅದು ತಿಳಿದುಕೊಳ್ಳುವುದೇ ಇಲ್ಲ. ಅದನ್ನು ಬೈದು ಪ್ರಯೋಜನವಿಲ್ಲ. ಕಲಿಸಿದ್ದನ್ನೇ ಮಾಡುತ್ತಿದೆ.

ಹಂತ 1: ನೋವು ಇದೆಯಾ ನೋಡಿ

ತರಬೇತಿಗೆ ಮುಂಚೆ ಇದು ಆಗಲೇಬೇಕು. ನಿನ್ನೆಮೊನ್ನೆವರೆಗೆ ಚೆನ್ನಾಗಿದ್ದ ಕುದುರೆ ಇದ್ದಕ್ಕಿದ್ದಂತೆ ಓಟ ಕೀಳತೊಡಗಿದರಂತೂ ನೋವನ್ನೇ ಮೊದಲು ಶಂಕಿಸಬೇಕು.

ಬಾಯಿಯಿಂದ ಶುರು ಮಾಡಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಗೀರುತ್ತಿರಬಹುದು. ದವಡೆ ಹಲ್ಲಿನ ಸಾಲಿಗೆ ಸ್ವಲ್ಪ ಮುಂದೆ ಚಿಕ್ಕದೊಂದು ತೋಳಹಲ್ಲು ಇದ್ದು, ಕಡಿವಾಣ ಅದಕ್ಕೆ ತಾಗುತ್ತಿರಬಹುದು. ವರ್ಷಕ್ಕೆ ಒಂದು ಸಲವಾದರೂ ಹಲ್ಲು ತೋರಿಸಬೇಕು. ಎಳೆಯ ಕುದುರೆಗೂ ವಯಸ್ಸಾದದ್ದಕ್ಕೂ ಆರು ತಿಂಗಳಿಗೊಮ್ಮೆ ಆದರೆ ಒಳ್ಳೆಯದು.

ಆಮೇಲೆ ಬೆನ್ನು. ಜೀನು ತೆಗೆದು ಬೆನ್ನೆಲುಬಿನ ಎರಡೂ ಬದಿಗೆ ಅಂಗೈ ಇಟ್ಟು ನಿಧಾನಕ್ಕೆ ಒತ್ತುತ್ತಾ ಹಿಂದಕ್ಕೆ ಸರಿಸಿ. ಒಂದು ಜಾಗದಲ್ಲಿ ಚರ್ಮ ಪಟಪಟ ನಡುಗುತ್ತದಾ, ಬೆನ್ನು ತಗ್ಗಿಸಿ ತಪ್ಪಿಸಿಕೊಳ್ಳುತ್ತದಾ, ಕಿವಿ ಹಿಂದಕ್ಕೆ ಹೋಗುತ್ತದಾ ಗಮನಿಸಿ. ಸವಾರಿ ಮುಗಿದ ಮೇಲೆ ಜೀನಿನ ಕೆಳಗಿನ ಬೆವರು ನೋಡಿ. ಎಲ್ಲ ಒದ್ದೆಯಾಗಿ ಅಂಗೈ ಅಗಲದ ಒಂದು ಜಾಗ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಬೀಳುತ್ತಿರುವ ಸಾಧ್ಯತೆ ಇದೆ. ನಿಧಾನ ನಡಿಗೆಯಲ್ಲಿ ಸಹಿಸಿಕೊಂಡ ಜೀನು, ವೇಗದಲ್ಲಿ ಸವಾರನ ಭಾರ ಕುಕ್ಕಿದಾಗ ಚುಚ್ಚುತ್ತದೆ. ಕುದುರೆ ಆ ನೋವಿನಿಂದ ದೂರ ಓಡಲು ನೋಡುತ್ತದೆ. ನೋವು ಬೆನ್ನ ಮೇಲೇ ಕೂತಿರುವುದರಿಂದ ಓಡಿದಷ್ಟೂ ಜಾಸ್ತಿಯಾಗುತ್ತದೆ.

ಹೊಟ್ಟೆ ಹುಣ್ಣು, ಕಣ್ಣಿನ ತೊಂದರೆ, ಲಾಳ ಸರಿ ಕೂರದಿರುವುದು, ಇವನ್ನೂ ಪಶುವೈದ್ಯರ ಹತ್ತಿರ ಕೇಳಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಸುರಿಯುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಅದು ಮೇಲಕ್ಕೆ ಚಿಮ್ಮಿ ಉರಿ ತರುತ್ತದೆ. ಸವಾರಿಗೆ ಸ್ವಲ್ಪ ಮುಂಚೆ ಒಂದೆರಡು ಹಿಡಿ ಒಣಹುಲ್ಲು ಕೊಡುವುದು ಒಳ್ಳೆಯ ರೂಢಿ.

ಹಂತ 2: ತಿನ್ನುವುದಕ್ಕೂ ದುಡಿಯುವುದಕ್ಕೂ ತಾಳೆ ಹಾಕಿ

ವಾರಕ್ಕೆರಡು ಸಲ ಒಂದೊಂದು ಗಂಟೆ ಸವಾರಿ. ಉಳಿದ ಹೊತ್ತು ಲಾಯದೊಳಗೆ ನಿಂತು ಹೊಟ್ಟೆ ತುಂಬ ಓಟ್ಸ್. ಇಂಥ ಕುದುರೆಯನ್ನು ತಂಪಾದ, ಗಾಳಿ ಬೀಸುವ ಬೆಳಗ್ಗೆ ಬಯಲಿಗೆ ಒಯ್ದರೆ ಓಡದೆ ಇನ್ನೇನು ಮಾಡೀತು?

ಆಹಾರದ ಬುಡ ಹುಲ್ಲೇ ಆಗಿರಬೇಕು. ದಿನಕ್ಕೆ ದೇಹತೂಕದ ಶೇ. 1.5ರಿಂದ 2ರಷ್ಟು ಒಣ ಮೇವು ಅಂತ ಲೆಕ್ಕ. 500 ಕಿಲೋ ತೂಗುವ ಕುದುರೆಗೆ ಏಳೂವರೆಯಿಂದ ಹತ್ತು ಕಿಲೋ. ಹಗುರ ಕೆಲಸ ಮಾಡುವ ಎಷ್ಟೋ ಕುದುರೆಗಳಿಗೆ ಇದರ ಜೊತೆ ಉಪ್ಪು, ಖನಿಜಾಂಶ ಸಿಕ್ಕರೆ ಸಾಕು. ಧಾನ್ಯ ಕಡಿಮೆ ಮಾಡುವುದಾದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಒಂದೆರಡು ವಾರ ತೆಗೆದುಕೊಂಡು ಇಳಿಸಿ. ದಿನಾ ಕೆಲವು ಗಂಟೆ ಬಯಲಿನಲ್ಲಿ ಬಿಟ್ಟು ತಾನಾಗಿ ಅಡ್ಡಾಡಲು ಕೊಟ್ಟರೆ ಅರ್ಧ ಉಮೇದು ಅಲ್ಲೇ ಕರಗುತ್ತದೆ.

ಹಂತ 3: ಸಲಕರಣೆ

ಸವಾರನದು ಮೊದಲು. ತಲೆಗೆ ಸರಿಯಾಗಿ ಕೂರುವ, ಪಟ್ಟಿ ಬಿಗಿದ ಹೆಲ್ಮೆಟ್. ಒಮ್ಮೆ ಬಿದ್ದು ಪೆಟ್ಟು ತಗುಲಿದ ಹೆಲ್ಮೆಟ್ ಹೊರಗೆ ಸೀಳದಿದ್ದರೂ ಬದಲಿಸಬೇಕು. ಎದೆ, ಬೆನ್ನು ಕಾಯುವ ಕವಚ ಇದ್ದರೆ ಒಳ್ಳೆಯದು. ಬೆವರಿದ ಲಗಾಮು ಜಾರದಂತೆ ಕೈಗವಸು. ಹಿಮ್ಮಡಿ ಇರುವ ಬೂಟು ಹಾಕಿ, ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಮೊಬೈಲು ಜೀನಿನ ಚೀಲದಲ್ಲಿ ಬೇಡ, ನಿಮ್ಮ ಮೈಮೇಲೆ ಇರಲಿ. ಬಿದ್ದಾಗ ಕುದುರೆಯ ಜೊತೆ ಅದೂ ಓಡಿಹೋದರೆ ಏನು ಉಪಯೋಗ?

ಕುದುರೆಯ ಕೊರಳಿಗೆ ಹಳೆಯ ಚರ್ಮದ ಒಂದು ಪಟ್ಟಿ ಹಾಕಿ. ಇದು ಪುಟ್ಟ ವಸ್ತು, ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಉಪಯುಕ್ತ. ಗಾಬರಿಯಾದಾಗ ಕೈ ಏನನ್ನಾದರೂ ಹಿಡಿಯಲು ತವಕಿಸುತ್ತದೆ. ಹಿಡಿಯಲು ಪಟ್ಟಿ ಇದ್ದರೆ ಲಗಾಮಿಗೆ ಜೋತುಬೀಳುವುದು ತಪ್ಪುತ್ತದೆ.

ಇನ್ನು ಕಡಿವಾಣ. ಹೆಚ್ಚು ಬಿರುಸಾದ ಕಡಿವಾಣ ಹಾಕಿದ ಮೊದಲ ದಿನ ಕುದುರೆ ಬೆಚ್ಚಿ ನಿಲ್ಲುತ್ತದೆ. ಸವಾರನಿಗೆ ಖುಷಿ. ಕೆಲವು ವಾರಗಳಲ್ಲಿ ಅದಕ್ಕೂ ಒಗ್ಗಿಹೋಗುತ್ತದೆ, ಇಲ್ಲವೇ ನೋವಿಗೆ ಹೆದರಿ ಇನ್ನೂ ಜೋರಾಗಿ ಓಡುತ್ತದೆ. ಆಮೇಲೆ ಅದಕ್ಕಿಂತ ಬಿರುಸಾದದ್ದು ಹುಡುಕಬೇಕು. ಆ ದಾರಿಗೆ ಕೊನೆ ಇಲ್ಲ. ಹಾಗಂತ ಎಲ್ಲ ಕಾಲಕ್ಕೂ ಮೆದು ಕಡಿವಾಣವೇ ಇರಬೇಕು ಅಂತ ನಾನು ಹಟ ಹಿಡಿಯುವುದಿಲ್ಲ. ಕೈ ಹಗುರವಿರುವ ಸವಾರ, ತರಬೇತುದಾರರ ಸಲಹೆ ಪಡೆದು, ಬಯಲಿಗೆ ಮಾತ್ರ ಸ್ವಲ್ಪ ಹೆಚ್ಚು ಹಿಡಿತ ಕೊಡುವುದನ್ನು ಬಳಸಿದರೆ ತಪ್ಪಿಲ್ಲ. ಅದನ್ನೂ ಮೊದಲು ಅಂಗಳದಲ್ಲಿ ಹಾಕಿ ನೋಡಿ. ಮೂಗುಪಟ್ಟಿಯನ್ನು ಬಾಯಿ ತೆರೆಯಲಾಗದಷ್ಟು ಬಿಗಿಯಬೇಡಿ. ಮೂಗಿನ ಮೂಳೆಯ ಮೇಲೆ, ಪಟ್ಟಿಯ ಅಡಿಯಲ್ಲಿ ಎರಡು ಬೆರಳು ತೂರುವಷ್ಟು ಜಾಗ ಇರಲಿ.

ಹಂತ 4: ನಿಲ್ಲುವುದನ್ನು ಅಂಗಳದಲ್ಲಿ ಕಲಿಸಿ

ಲಗಾಮು ಎಳೆದು ಹಿಡಿದೇ ಇದ್ದರೆ ಅದು ಹಗ್ಗಜಗ್ಗಾಟವಾಗುತ್ತದೆ, ಅದರಲ್ಲಿ ಗೆಲ್ಲುವುದು ಯಾವಾಗಲೂ ಕುದುರೆ. ಕುದುರೆಗೆ ಪಾಠ ಸಿಗುವುದು ಎಳೆದಾಗ ಅಲ್ಲ, ಬಿಟ್ಟಾಗ. ನಿಧಾನಿಸಿದ ಕ್ಷಣವೇ ಒತ್ತಡ ಹೋದರೆ, ನಿಧಾನಿಸಿದರೆ ಆರಾಮ ಅಂತ ಅದಕ್ಕೆ ಅರ್ಥವಾಗುತ್ತದೆ. ಮೂರು ಸೆಕೆಂಡು ತಡವಾಗಿ ಬಿಟ್ಟರೆ ಯಾತಕ್ಕೆ ಬಿಟ್ಟಿರಿ ಅಂತ ಗೊತ್ತಾಗುವುದಿಲ್ಲ. ಬಿಡದೇ ಇದ್ದರಂತೂ ಬಾಯಿ ಜಡ್ಡುಗಟ್ಟುತ್ತದೆ.

ಅಭ್ಯಾಸ ಹೀಗೆ. ನಡಿಗೆಯಲ್ಲಿ ಹೋಗುತ್ತಾ ಮೊದಲು ಉಸಿರು ಉದ್ದಕ್ಕೆ ಬಿಡಿ. ಬೆನ್ನು ನೆಟ್ಟಗೆ ಮಾಡಿ ಜೀನಿನಲ್ಲಿ ಭಾರವಾಗಿ ಕೂರಿ. ನಿಲ್ಲಲು ಒಂದು ಮಾತು ಇಟ್ಟುಕೊಳ್ಳಿ, "ಹೋ…" ಅಂತ ಎಳೆದು ಹೇಳಿದರೂ ಸಾಕು. ಇಷ್ಟಕ್ಕೂ ನಿಲ್ಲದಿದ್ದರೆ ಮಾತ್ರ ಬೆರಳು ಮುಚ್ಚಿ ಲಗಾಮು ಹಿಡಿಯಿರಿ. ನಿಂತ ಕೂಡಲೇ ಬೆರಳು ಸಡಿಲ. ಹತ್ತು ಹೆಜ್ಜೆ ನಡೆಸಿ, ಮತ್ತೆ ನಿಲ್ಲಿಸಿ. ಕ್ರಮ ಯಾವತ್ತೂ ಇದೇ ಇರಬೇಕು: ಉಸಿರು, ಕೂರುವ ರೀತಿ, ಮಾತು, ಕೊನೆಗೆ ಲಗಾಮು. ಕೆಲವು ದಿನಗಳಲ್ಲಿ ಲಗಾಮಿನವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ನಡಿಗೆಗಿಂತ ಜೋರಾದದ್ದು ಟ್ರಾಟ್, ಅದಕ್ಕಿಂತ ಜೋರಾದದ್ದು ಕ್ಯಾಂಟರ್, ನಾಗಾಲೋಟ ಅದಕ್ಕೂ ಮೇಲೆ. ನಡಿಗೆಯಲ್ಲಿ ಗಟ್ಟಿಯಾದ ಮೇಲೆ ಟ್ರಾಟ್‌ನಿಂದ ನಡಿಗೆಗೆ, ಟ್ರಾಟ್‌ನಿಂದ ನೇರ ನಿಲುಗಡೆಗೆ, ಆಮೇಲೆ ಕ್ಯಾಂಟರ್‌ನಿಂದ ಟ್ರಾಟ್‌ಗೆ. ನಡುನಡುವೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿ.

ಇಲ್ಲಿಯೇ ಕಲಿಯಬೇಕಾದ ಇನ್ನೊಂದು ಕೌಶಲ, ಒಂದೇ ಲಗಾಮಿನಿಂದ ನಿಲ್ಲಿಸುವುದು. ಒಂದು ಬದಿಯ ಲಗಾಮನ್ನು ಚಿಕ್ಕದು ಮಾಡಿ, ಕೈಯನ್ನು ನಿಮ್ಮ ತೊಡೆಯ ಕಡೆ ನಿಧಾನವಾಗಿ ತಂದು, ಕುದುರೆಯ ಕುತ್ತಿಗೆ ಬದಿಗೆ ಬಾಗಿಸಬೇಕು. ಹಿಂಗಾಲು ಅಡ್ಡಡ್ಡ ಸರಿಯುತ್ತದೆ, ಮುಂದಕ್ಕೆ ನುಗ್ಗುವ ಬಲ ಹೋಗುತ್ತದೆ. ಎರಡೂ ಬದಿಗೆ ಕಲಿಸಿ. ಆದರೆ ಇದು ನಡಿಗೆಗೆ, ನಿಧಾನ ಟ್ರಾಟ್‌ಗೆ, ಇನ್ನೇನು ಕೀಳುತ್ತದೆ ಅನ್ನುವ ಆ ಮೊದಲ ಹೆಜ್ಜೆಗೆ ಮಾತ್ರ. ನಾಗಾಲೋಟದಲ್ಲಿ ತಲೆ ಥಟ್ಟನೆ ಬದಿಗೆ ಎಳೆದರೆ ಕುದುರೆ ಆಯ ತಪ್ಪಿ ನಿಮ್ಮ ಮೇಲೇ ಉರುಳಬಹುದು.

ಹಂತ 5: ಒಬ್ಬ ಜೊತೆಗಾರ

ಗುಂಪಿಗೆ ಹೋಗುವ ಮುಂಚೆ ಒಂದೇ ಒಂದು ಕುದುರೆಯ ಜೊತೆ. ಎಂಥದ್ದು ಅನ್ನುವುದು ಮುಖ್ಯ. ಪಕ್ಕದಲ್ಲಿ ಪಟಾಕಿ ಸಿಡಿದರೂ ಹುಲ್ಲು ಮೇಯುವಂಥ ವಯಸ್ಸಾದ, ಶಾಂತ ಕುದುರೆ. ಅದರ ಮೇಲೆ ಹೇಳಿದ ಮಾತು ಕೇಳುವ ಸವಾರ. ಸ್ನೇಹಿತರಲ್ಲಿ ಒಬ್ಬರು ಇರುತ್ತಾರೆ ನೋಡಿ, "ಅಯ್ಯೋ, ಸ್ವಲ್ಪ ಬಿಡಿ ಸಾರ್, ಏನೂ ಆಗಲ್ಲ" ಅನ್ನುವವರು. ಅವರನ್ನು ಈ ಕೆಲಸಕ್ಕೆ ಕರೆಯಬೇಡಿ.

ಮೊದಮೊದಲು ಬೇಲಿ ಹಾಕಿದ ಜಾಗದಲ್ಲಿ, ಬರೀ ನಡಿಗೆ. ಪಕ್ಕಪಕ್ಕ ನಡೆಸಿ. ಆಮೇಲೆ ಒಂದು ಮುಂದೆ, ಒಂದು ಹಿಂದೆ. ಐವತ್ತು ಹೆಜ್ಜೆಗೊಮ್ಮೆ ಜಾಗ ಬದಲಿಸಿ. ನಿಮ್ಮದು ನಿಂತಿರುವಾಗ ಜೊತೆಗಾರ ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಲಿ, ಮತ್ತೆ ವಾಪಸ್ ಬರಲಿ. ನಿಮ್ಮ ಕುದುರೆ ಚಡಪಡಿಸಿದರೆ ಹತ್ತು ಹೆಜ್ಜೆ ಜಾಸ್ತಿಯಾಯಿತು ಎಂದರ್ಥ. ಐದಕ್ಕೆ ಇಳಿಸಿ. ಜೊತೆಗಾರ ಹೋದರೂ ತಿರುಗಿ ಬರುತ್ತಾನೆ ಅನ್ನುವುದು ಕುದುರೆಯ ಮೈಗೆ ಇಳಿಯಬೇಕು. ಈ ಹಂತವನ್ನು ಹಾರಿಸಿಬಿಡುವವರೇ ಜಾಸ್ತಿ, ನೋಡಲು ಸಪ್ಪೆ ಅನ್ನಿಸುತ್ತದಲ್ಲ, ಅದಕ್ಕೆ.

ನಿಂತ ಕುದುರೆ ಸಮಾಧಾನವಾಗಿ ಕಾದಾಗ, ಜೀನಿನ ಮುಂದೆ ಕುತ್ತಿಗೆಯ ಬುಡದಲ್ಲಿರುವ ಉಬ್ಬನ್ನು ಬೆರಳಿನಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಕುತ್ತಿಗೆಗೆ ಪಟಪಟ ಬಡಿಯುವುದು ನಮಗೆ ಮೆಚ್ಚುಗೆ, ಅದಕ್ಕೆ ಬರೀ ಪೆಟ್ಟು.

ಆಮೇಲೆ ಹೊರಗೆ, ಅದೇ ಜೊತೆಗಾರನೊಂದಿಗೆ. ಮೊದಲ ಕೆಲವು ಸವಾರಿ ನಡಿಗೆ ಮಾತ್ರ. ಟ್ರಾಟ್ ಶುರು ಮಾಡಿದಾಗ ಏರುದಾರಿ ಆರಿಸಿ, ಚಿಕ್ಕ ದೂರಕ್ಕೆ, ಮನೆಗೆ ವಿರುದ್ಧ ದಿಕ್ಕಿಗೆ. ಕ್ಯಾಂಟರ್ ಇನ್ನೂ ಆಮೇಲೆ, ಅದೂ ಏರಿನಲ್ಲೇ. ಒಂದು ವಿಷಯ ನೆನಪಿರಲಿ, ಪ್ರತಿಸಲ ಒಂದೇ ಜಾಗದಲ್ಲಿ ಕ್ಯಾಂಟರ್ ಮಾಡಬೇಡಿ. ಕುದುರೆ ಜಾಗವನ್ನು ಚೆನ್ನಾಗಿ ನೆನಪಿಡುತ್ತದೆ. ಎರಡೇ ಸಲ ಆದರೂ ಸಾಕು, ಮೂರನೇ ಸಲ ಆ ಮರ ಕಾಣುತ್ತಲೇ ಕುಣಿಯತೊಡಗುತ್ತದೆ. ಅಂಥ ಜಾಗ ಈಗಾಗಲೇ ಇದ್ದರೆ ಮುಂದಿನ ಕೆಲವು ವಾರ ಅಲ್ಲಿ ಬರೀ ನಡೆಸಿ, ನಿಲ್ಲಿಸಿ, ಸಾಧ್ಯವಾದರೆ ಇಳಿದು ಹುಲ್ಲು ಮೇಯಿಸಿ.

ಎರಡು ಕುದುರೆಯಲ್ಲಿ ಬೇಸರ ಬರುವಷ್ಟು ಶಾಂತವಾದ ಮೇಲೆ ಮೂರನೆಯದು ಸೇರಲಿ. ಮೂರಾದರೆ ಮತ್ತೆ ನಡಿಗೆಯಿಂದಲೇ ಶುರು.

ಹಂತ 6: ಹೊರಡುವ ಮುಂಚೆ ಗುಂಪಿನ ಕರಾರು

ಹತ್ತುವ ಮುಂಚೆ ಎಲ್ಲರೂ ನಿಂತು ಎರಡು ನಿಮಿಷ ಮಾತಾಡಿ. ಸಂಕೋಚ ಬೇಡ. "ನನ್ನ ಕುದುರೆ ಕೀಳುತ್ತದೆ" ಅಂತ ನೇರವಾಗಿ ಹೇಳಿ. ನಾನು ಜೊತೆಗೆ ಹೋಗುವವರ ಹತ್ತಿರ ಒಪ್ಪಿಸಿಕೊಳ್ಳುವುದು ಇಷ್ಟು:

- ವೇಗ ನಿರ್ಧರಿಸುವುದು ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಅಳುಕಿರುವ ಸವಾರ. ಚೆನ್ನಾಗಿ ಸವಾರಿ ಬರುವವರಲ್ಲ.
- ಕೇಳದೆ ಯಾರೂ ಟ್ರಾಟ್‌ಗೂ ಹೋಗಬಾರದು. ಮುಂದಿನವರು ಕೇಳಬೇಕು, ಕೊನೆಯವರು ಹೂಂ ಅನ್ನಬೇಕು, ಆಮೇಲೆ ಹೊರಡಬೇಕು.
- ನಡಿಗೆಯಲ್ಲಿ ಎರಡು ಕುದುರೆಗಳ ನಡುವೆ ಒಂದು ಕುದುರೆಯ ಉದ್ದ ಬಿಡಬೇಕು, ಅಂದಾಜು ಎರಡೂವರೆ ಮೀಟರ್. ವೇಗ ಹೆಚ್ಚಿದರೆ ಅಂತರವೂ ಹೆಚ್ಚು.
- ಕ್ಯಾಂಟರ್‌ನಲ್ಲಿ ಹಿಂದಿನಿಂದ ಬಂದು ದಾಟುವುದು ಇಲ್ಲವೇ ಇಲ್ಲ.
- ಗೇಟು ದಾಟಿದ ಮೇಲೆ ಅದನ್ನು ಮುಚ್ಚಿದವರು ಮತ್ತೆ ಹತ್ತಿ, ಲಗಾಮು ಹಿಡಿದು, ಸರಿ ಅನ್ನುವವರೆಗೆ ಎಲ್ಲರೂ ನಿಂತಿರಬೇಕು.
- ನಾನು "ನಿಲ್ಲಿ" ಅಂದರೆ ಎಲ್ಲರೂ ನಿಲ್ಲಬೇಕು. ಯಾಕೆ ಅಂತ ಆಮೇಲೆ ಕೇಳಬಹುದು.

ಗೇಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ನೋಡಿದ ಓಟಗಳಲ್ಲಿ ಗೇಟಿನ ಹತ್ತಿರ ಶುರುವಾದವು ಬಹಳ. ಒಂದು ಕಂದು ಹೆಣ್ಣು ಕುದುರೆ ಇತ್ತು. ಸವಾರ ಇಳಿದು ಚಿಲಕ ಹಾಕಿ, ಒಂದು ಕಾಲು ರಿಕಾಪಿನಲ್ಲಿಟ್ಟು, ಇನ್ನೊಂದು ಕಾಲಿನಲ್ಲಿ ಕುಪ್ಪಳಿಸುತ್ತಿದ್ದ. ಜೊತೆಯವರಿಗೆ ಗೊತ್ತಿರಲಿಲ್ಲ, ಮಾತಾಡುತ್ತಾ ಮೂವತ್ತು ಮೀಟರ್ ಮುಂದೆ ಹೋಗಿದ್ದರು. ಕುದುರೆ ಅವನ ಕಡೆ ನೋಡಲೇ ಇಲ್ಲ. ಕುತ್ತಿಗೆ ಉಬ್ಬಿತು, ಮೂಗಿನ ಹೊಳ್ಳೆ ಅರಳಿತು, ಎರಡೂ ಕಿವಿ ಮುಂದಕ್ಕೆ ಕೀಲಿಸಿದವು. ಒಂದು ಸಲ ಕೆನೆಯಿತು. ಅವನು ಅರ್ಧ ಹತ್ತಿದ್ದಾಗಲೇ ಹೊರಟಿತು. ಅವನು ಹುಲ್ಲಿನ ಮೇಲೆ ಬಿದ್ದದ್ದರಿಂದ ಏನೂ ಆಗಲಿಲ್ಲ. ಆ ಕುದುರೆ ಗುಂಪಿನ ಹತ್ತಿರ ಹೋಗಿ ತಾನಾಗಿಯೇ ನಿಂತು ಮೇಯತೊಡಗಿತು. ಅದಕ್ಕೆ ಬೇಕಿದ್ದದ್ದು ಅಷ್ಟೇ.

ನಿಮ್ಮ ಕುದುರೆ ಸಾಲಿನಲ್ಲಿ ಎಲ್ಲಿರಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೆಲವಕ್ಕೆ ಮುಂದೆ ಇದ್ದರೆ ಸಮಾಧಾನ, ಅಟ್ಟಿಸಿಕೊಂಡು ಹೋಗಬೇಕಾದ್ದು ಏನೂ ಇರುವುದಿಲ್ಲ. ಇನ್ನು ಕೆಲವು ಮುಂದೆ ಇಟ್ಟರೆ ಹಿಂದಿನ ಸದ್ದಿಗೆ ಓಡುತ್ತವೆ. ಅಂಥವಕ್ಕೆ ಶಾಂತ ಕುದುರೆಯ ಹಿಂದೆ ಎರಡನೇ ಜಾಗ ಸರಿ. ತೀರಾ ಕೊನೆಗೆ ಮಾತ್ರ ಹಾಕಬೇಡಿ. ಒದೆಯುವ ಕುದುರೆಯ ಹಿಂದೆಯೂ ಬೇಡ. ಅಂಥದ್ದರ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವ ರೂಢಿ ಎಷ್ಟೋ ಕಡೆ ಇದೆ.

ಆ ಅರ್ಧ ನಿಮಿಷ

ಕುದುರೆ ಹೇಳದೆ ಓಡುವುದು ಅಪರೂಪ. ಹೇಳಿದ್ದನ್ನು ನಾವು ಕೇಳಿಸಿಕೊಂಡಿರುವುದಿಲ್ಲ. ನಡಿಗೆ ಚಿಕ್ಕದಾಗುತ್ತದೆ, ಹೆಜ್ಜೆಗಳು ಗಡಿಬಿಡಿಯಾಗುತ್ತವೆ. ಜೀನಿನ ಕೆಳಗೆ ಬೆನ್ನು ಹಲಗೆಯಾಗುತ್ತದೆ. ನಿಮ್ಮ ಕಡೆ ಆಗಾಗ ತಿರುಗುತ್ತಿದ್ದ ಕಿವಿ ತಿರುಗುವುದನ್ನು ನಿಲ್ಲಿಸುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆಯ ಸೂಚನೆ ಈ ಕಿವಿಯದೇ. ತಲೆ ಮೇಲೇರುತ್ತದೆ, ನಡಿಗೆಯೂ ಅಲ್ಲದ ಟ್ರಾಟೂ ಅಲ್ಲದ ಕುಣಿತ ಶುರುವಾಗುತ್ತದೆ.

ನಿಮ್ಮ ಕೈಯನ್ನೂ ಆಗ ನೋಡಿಕೊಳ್ಳಿ. ಲಗಾಮು ಎಷ್ಟು ಚಿಕ್ಕದಾಗಿದೆ? ಮುಷ್ಟಿ ಎಷ್ಟು ಬಿಗಿದಿದೆ? ಮೊಣಕಾಲು ಜೀನನ್ನು ಒತ್ತುತ್ತಿದೆಯಾ? ಮೈ ಮುಂದಕ್ಕೆ ಬಾಗಿದೆಯಾ? ನಮಗೆ ಹೆದರಿಕೆಯಾದಾಗ ಈ ನಾಲ್ಕೂ ತಾನಾಗಿ ಆಗುತ್ತವೆ. ಮುಂದಕ್ಕೆ ಬಾಗಿ ಕಾಲು ಒತ್ತುವುದು ಕುದುರೆಯ ಲೆಕ್ಕದಲ್ಲಿ "ಓಡು" ಅನ್ನುವ ಸೂಚನೆ. ಕೈ ನಿಲ್ಲು ಅನ್ನುತ್ತಿದೆ, ಮೈ ಓಡು ಅನ್ನುತ್ತಿದೆ.

ಈ ಹೊತ್ತಿನಲ್ಲಿ ಮಾಡಬೇಕಾದ್ದು ಮೂರೇ. ಗುಂಪಿಗೆ "ನಿಲ್ಲಿ" ಅನ್ನಿ. ಉಸಿರು ಬಿಟ್ಟು ಭಾರವಾಗಿ ಕೂತು, ಕುದುರೆಯನ್ನು ಸುಮ್ನೆ ನಿಲ್ಲಿಸಿ ಹಿಡಿಯುವ ಬದಲು ಚಿಕ್ಕ ಸುತ್ತು ಹಾಕಿಸಿ, ಅಡ್ಡ ಹೆಜ್ಜೆ ಹಾಕಿಸಿ. ಕಾಲಿಗೆ ಕೆಲಸ ಸಿಕ್ಕರೆ ತಲೆ ಇಳಿಯುತ್ತದೆ. ಇಳಿಯದಿದ್ದರೆ ನೀವೇ ಇಳಿದುಬಿಡಿ. ಅರ್ಧ ಕಿಲೋಮೀಟರ್ ಕೈಯಲ್ಲಿ ಹಿಡಿದು ನಡೆಸಿ, ಶಾಂತವಾದ ಮೇಲೆ ಹತ್ತಿ. ಇಳಿದರೆ ಕುದುರೆ ಗೆದ್ದಂತೆ ಅಂತ ಹೇಳುವವರಿದ್ದಾರೆ. ಕುದುರೆ ಅಂಥ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವುದಿಲ್ಲ.

ಓಡೇಬಿಟ್ಟರೆ

ನಾಗಾಲೋಟ ಅಂದರೆ ಗಂಟೆಗೆ 40 ಕಿಲೋಮೀಟರ್ ದಾಟುವ ವೇಗ, ಸೆಕೆಂಡಿಗೆ ಹನ್ನೊಂದು ಮೀಟರಿಗೂ ಹೆಚ್ಚು. ಯೋಚಿಸಲು ಸಮಯ ಇರುವುದಿಲ್ಲ. ಹಾಗಾಗಿ ಈ ಕ್ರಮ ಮೊದಲೇ ಬಾಯಿಪಾಠವಾಗಿರಲಿ.

ಮೊದಲು ಕೂರುವುದು. ಹಿಮ್ಮಡಿ ಕೆಳಗೆ, ಪಾದ ಸ್ವಲ್ಪ ಮುಂದೆ, ಎದೆ ಎತ್ತಿ, ಒಂದು ಕೈ ಕೊರಳಪಟ್ಟಿಗೆ. ಕಣ್ಣು ಮುಂದಿನ ದಾರಿಯ ಮೇಲಿರಲಿ, ಕುದುರೆಯ ಕಿವಿಯ ಮೇಲಲ್ಲ. ಕಿರುಚಬೇಡಿ.

ಆಮೇಲೆ ದಿಕ್ಕು. ನಿಲ್ಲಿಸುವುದಕ್ಕಿಂತ ಮುಂಚೆ ಎಲ್ಲಿಗೆ ಹೋಗುತ್ತಿದ್ದೇವೆ ಅನ್ನುವುದನ್ನು ಸರಿ ಮಾಡಿಕೊಳ್ಳಿ. ರಸ್ತೆ, ತಂತಿ ಬೇಲಿ, ತಗ್ಗಿದ ಕೊಂಬೆಗಳಿಂದ ದೂರ. ಏರು ಇದ್ದರೆ ಏರಿನ ಕಡೆ.

ಆಮೇಲೆ ಲಗಾಮು. ಒಂದೇ ಸಮನೆ ಎಳೆಯಬೇಡಿ. ಎಳೆದು, ಬಿಟ್ಟು, ಎಳೆದು, ಬಿಟ್ಟು, ಅದರ ದಾಪುಗಾಲಿನ ತಾಳಕ್ಕೆ. ಓಟದಲ್ಲಿ ಕುದುರೆಯ ಉಸಿರಾಟವೂ ದಾಪುಗಾಲಿಗೆ ಕಟ್ಟುಬಿದ್ದಿರುತ್ತದೆ, ಒಂದು ದಾಪಿಗೆ ಒಂದು ಉಸಿರು. ಇದಕ್ಕೂ ಬಗ್ಗದಿದ್ದರೆ ಎರಡೂ ಲಗಾಮು ಚಿಕ್ಕದು ಮಾಡಿ, ಒಂದು ಕೈಯನ್ನು ಲಗಾಮಿನ ಸಮೇತ ಕುತ್ತಿಗೆಯ ಜೂಲಿನ ಮೇಲೆ ಗಟ್ಟಿಯಾಗಿ ಊರಿ, ಇನ್ನೊಂದು ಲಗಾಮನ್ನು ಮೇಲಕ್ಕೂ ಹಿಂದಕ್ಕೂ ಜಗ್ಗಿ ಬಿಡಿ. ಊರಿದ ಕೈ ತಲೆಯನ್ನು ನೇರ ಇಡುತ್ತದೆ. ಬಾಯಿಗೆ ನೋವಾಗುತ್ತದೆ, ನಿಜ. ಇದು ಆಪತ್ತಿಗೆ ಮಾತ್ರ. ಆದರೆ ಒಮ್ಮೆಯಾದರೂ ಅಂಗಳದಲ್ಲಿ, ನಿಧಾನಕ್ಕೆ, ಕೈಯ ಜಾಗ ರೂಢಿ ಮಾಡಿಕೊಳ್ಳಿ.

ಜಾಗ ವಿಶಾಲವಾಗಿ, ನೆಲ ಚೆನ್ನಾಗಿದ್ದರೆ ದೊಡ್ಡ ಸುತ್ತಿಗೆ ತಿರುಗಿಸಿ, ಸುತ್ತನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬನ್ನಿ. ಜಾರುವ ನೆಲದಲ್ಲಿ ಬೇಡ. ಹಾರುವ ಯೋಚನೆಯೂ ಬೇಡ. ಆ ವೇಗದಲ್ಲಿ ಹಾರುವುದಕ್ಕಿಂತ ಮೇಲೆ ಕೂತಿರುವುದೇ ಬಹುಪಾಲು ಸುರಕ್ಷಿತ. ಮುಂದೆ ವಾಹನ ಓಡುವ ರಸ್ತೆಯೋ ಪ್ರಪಾತವೋ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಉಳಿದ ಸವಾರರಿಗೆ ಒಂದೇ ಕೆಲಸ. ನಿಲ್ಲಬೇಕು. ಕಾಪಾಡುತ್ತೇನೆ ಅಂತ ಯಾರೂ ಹಿಂದೆ ಓಡಿಸಿಕೊಂಡು ಹೋಗಬಾರದು. ಹಿಂದಿನಿಂದ ಗೊರಸಿನ ಸದ್ದು ಬಂದರೆ ಓಡುವ ಕುದುರೆ ಇನ್ನೂ ಓಡುತ್ತದೆ. ನಿಂತ ಗುಂಪು ಅದಕ್ಕೆ ತಿರುಗಿ ಬರಲು ಕಾರಣವಾಗುತ್ತದೆ.

ಮರುದಿನ, ಮತ್ತು ಮುಂದೆ

ನಿಂತ ಮೇಲೆ ಹೊಡೆಯಬೇಡಿ. ನಿಂತದ್ದಕ್ಕೆ ಹೊಡೆದಂತಾಗುತ್ತದೆ. ಎಲ್ಲರೂ ನಡಿಗೆಯಲ್ಲೇ ಮನೆಗೆ. ವಾಪಸ್ ದಾರಿಯ ಕೊನೆಯ ಒಂದೆರಡು ಕಿಲೋಮೀಟರ್ ಯಾವತ್ತೂ ನಡಿಗೆ ಅಂತಲೇ ಇಟ್ಟುಕೊಳ್ಳಿ, ಓಡದ ಕುದುರೆಗೂ ಇದು ಒಳ್ಳೆಯದು. ಮರುದಿನ ಬಾಯಿ, ಕಾಲು, ಬೆನ್ನು ನೋಡಿ. ಆಮೇಲಿನ ಸವಾರಿ ಎಲ್ಲಿ ಎಡವಿತೋ ಅದಕ್ಕಿಂತ ಎರಡು ಹಂತ ಹಿಂದಿನಿಂದ. ಮೂರು ಕುದುರೆಗಳ ಕ್ಯಾಂಟರ್‌ನಲ್ಲಿ ಕಿತ್ತಿದ್ದರೆ, ಎರಡು ಕುದುರೆಗಳ ಟ್ರಾಟ್‌ಗೆ ವಾಪಸ್.

ಎಷ್ಟು ಕಾಲ ಬೇಕು ಅಂತ ಕೇಳಿದರೆ, ತಿಂಗಳುಗಳ ಲೆಕ್ಕ ಹಾಕಿಕೊಳ್ಳಿ, ವಾರಗಳದಲ್ಲ. ಕೆಲವು ಕುದುರೆಗಳು ಪೂರ್ತಿ ಬದಲಾಗುತ್ತವೆ. ಕೆಲವು ಎರಡು ಕುದುರೆಗಳ ಜೊತೆ ಎಷ್ಟು ಬೇಕಾದರೂ ಹೋಗುತ್ತವೆ, ಐದಾರು ಸೇರಿದರೆ ಮತ್ತೆ ಹಳೇ ಚಾಳಿ. ಅಂಥದ್ದನ್ನು ದೊಡ್ಡ ಗುಂಪಿಗೆ ಒಯ್ಯದಿದ್ದರೆ ಆಯಿತು. ನೋವಿಲ್ಲ, ಮೇವು ಸರಿ ಇದೆ, ತರಬೇತುದಾರರೂ ಕೈಹಾಕಿದ್ದಾರೆ, ಆದರೂ ಕುರುಡಾಗಿ ನುಗ್ಗುತ್ತದೆ ಅಂದರೆ ಅದರ ಮೇಲೆ ಹೊರಗೆ ಸವಾರಿ ಮಾಡುವುದನ್ನೇ ಬಿಡಿ. ಮಾರುವುದಾದರೆ ಕೊಳ್ಳುವವರಿಗೆ ಈ ಸ್ವಭಾವವನ್ನು ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆದು ಕೊಡಿ.